ಕೆರೆ ನೀರಿನ ಸಣ್ಣ ಬೇಟೆಗಾರರು



ದನ ಕುಡಿಯುವ ನೀರಿನ ವಿಚಾರ ಇವತ್ತಿನ ಮಾತು. ಅದರಲ್ಲೂ ಆ ನೀರಿನಲ್ಲಿ ನಡೆಯುವ ಒಂದು ಬೇಟೆಯ ವಿಚಾರ. ಬೇಟೆ ಎಂದ ಕೂಡಲೇ ಗುಂಡ್ಲುಪೇಟೆ ಸೀಮೆಯವರಿಗೆ ನೆನಪಾಗುವುದು ಬಂಡೀಪುರದ ಹುಲಿ. ಇದು ಆ ಬೇಟೆಯಲ್ಲ. ಕೆರೆಯ ಏರಿಯ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ, ಜೊಂಡಿನ ಸಂದಿಯಲ್ಲಿ ಹಗಲಿರುಳು ನಡೆಯುವ ಬೇಟೆ. ಬೇಟೆಗಾರ ಒಂದೆರಡು ಅಂಗುಲ ಇದ್ದರೆ ಅದೇ ದೊಡ್ಡದು. ಬೇಟೆಗೆ ಬೀಳುವುದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದರೆ ಅದರ ಲಾಭ ನಮ್ಮ ಹಟ್ಟಿಯ ದನಕ್ಕೆ.

ಹಂಗಳವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಹತ್ತು ಕಿಲೋಮೀಟರಿನೊಳಗೆ ಸಿಗುವ ಹೋಬಳಿ ಊರು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಬಲಕ್ಕೆ ತಿರುಗುವುದು ಇಲ್ಲೇ. ಒಂದು ಕಡೆ ಅರಿಶಿನ, ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಇನ್ನೊಂದು ಕಡೆ ಕಾಡಂಚು. ಮಳೆನೆರಳಿನ ನಾಡಾದ್ದರಿಂದ ಕೆರೆಕಟ್ಟೆಗಳೇ ಆಸರೆ. ಮೇಯಲು ಹೋದ ದನ ಹೋಗುತ್ತಲೋ ಬರುತ್ತಲೋ ಕೆರೆಗೆ ಇಳಿಯುತ್ತದೆ. ಕುಡಿಯುತ್ತದೆ, ನಿಲ್ಲುತ್ತದೆ, ಅಲ್ಲೇ ಸಗಣಿ ಹಾಕುತ್ತದೆ, ದಡದ ಹಸಿರು ಹುಲ್ಲಿಗೆ ಬಾಯಿ ಹಾಕುತ್ತದೆ. ಈ ನಾಲ್ಕು ಕೆಲಸವನ್ನು ನೆನಪಿನಲ್ಲಿಡಿ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ದನಕ್ಕೆ ಕೆರೆಯಿಂದ ತಗಲುವ ಕೆಲವು ಹುಳಗಳು ತಮ್ಮ ಬಾಳಿನಲ್ಲಿ ಎರಡು ಸಲ ಯಾರ ಮೈಯ ಆಸರೆಯೂ ಇಲ್ಲದೆ ನೀರಿನಲ್ಲಿ ಈಜಲೇಬೇಕು. ಆ ಹೊತ್ತಿನಲ್ಲಿ ಅವುಗಳನ್ನು ತಿನ್ನುವ ಜೀವಿಗಳು ಕೆರೆಯಲ್ಲಿವೆ. ಆ ಜೀವಿಗಳನ್ನು ನಾವು ಕೊಂದರೆ ನಷ್ಟ ನಮ್ಮದೇ.

ಮೊದಲು, ಯಾವ ಹುಳಗಳು ಎಂದು ನೋಡೋಣ. ಎರಡನ್ನು ಮಾತ್ರ ಹೇಳುತ್ತೇನೆ.

ಒಂದು, ಕಾರ್ಜದ ಹುಳ. ಪಶುವೈದ್ಯರು ಲಿವರ್ ಫ್ಲೂಕ್ ಎನ್ನುತ್ತಾರೆ. ನಮ್ಮ ಕಡೆ ಇರುವ ಜಾತಿಯ ಶಾಸ್ತ್ರೀಯ ಹೆಸರು ಫ್ಯಾಸಿಯೋಲ ಜೈಗ್ಯಾಂಟಿಕ. ಮೈ ಚಪ್ಪಟೆ, ಉದ್ದ ಒಂದೂವರೆ ಎರಡು ಅಂಗುಲ. ದನ, ಎಮ್ಮೆ, ಕುರಿ, ಮೇಕೆಗಳ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಮಾಂಸ ಕೊಯ್ಯುವವರು ಕಾರ್ಜ ಸೀಳಿದಾಗ ಇದನ್ನು ಕಂಡಿರುತ್ತಾರೆ. ಹುಳ ಹೆಚ್ಚಾದ ದನ ಸೊರಗುತ್ತದೆ. ಕೂದಲು ಒರಟಾಗುತ್ತದೆ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚು. ದವಡೆಯ ಕೆಳಗೆ ನೀರು ತುಂಬಿ ಜೋತು ಬೀಳುತ್ತದೆ. ಹಾಲು ಇಳಿಯುತ್ತದೆ.

ಎರಡು, ಗೊರಕೆ ರೋಗ. ಎತ್ತು ನಿಂತಲ್ಲೇ ಗೊರಗೊರ ಎಂದು ಉಸಿರೆಳೆಯುತ್ತದೆ. ರಾತ್ರಿ ಆ ಸದ್ದು ಹಟ್ಟಿಯಿಂದ ಮನೆಯೊಳಗೆ ಮಲಗಿದವರಿಗೂ ಕೇಳುತ್ತದೆ. ಮೂಗಿನಲ್ಲಿ ಗೊಣ್ಣೆ, ಕೆಲವೊಮ್ಮೆ ರಕ್ತ. ಹೊಳ್ಳೆಯೊಳಗೆ ಬೆಳಕು ಬಿಟ್ಟು ನೋಡಿದರೆ ಹೂಕೋಸಿನಂಥ ಗಂಟುಗಳು. ಇದಕ್ಕೆ ಕಾರಣವಾದ ಹುಳ ನೂಲೆಳೆಯಷ್ಟು ತೆಳು. ಮೂಗಿನ ರಕ್ತನಾಳದಲ್ಲಿ ಗಂಡು ಹೆಣ್ಣು ಜೋಡಿಯಾಗಿ ಬದುಕುತ್ತವೆ. ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ 1933ರಲ್ಲಿ ಇದನ್ನು ವಿವರಿಸಿ ಶಿಸ್ಟೋಸೋಮ ನೇಸೇಲ್ ಎಂದು ಹೆಸರಿಟ್ಟರು. ನಮ್ಮ ರಾಜ್ಯದಲ್ಲಿ ಕೆ. ಮುರಳೀಧರನ್ ಮತ್ತು ಸಂಗಡಿಗರು ಇದು ಹೇಗೆ ಹರಡುತ್ತದೆ ಎಂದು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ಎಮ್ಮೆಗೂ ಈ ಹುಳ ತಗಲುತ್ತದೆ. ಆದರೆ ಎಮ್ಮೆ ಸಾಮಾನ್ಯವಾಗಿ ಗೊರಕೆ ಹೊಡೆಯುವುದಿಲ್ಲ. ಸುಮ್ಮನೆ ಮೊಟ್ಟೆ ಹರಡುತ್ತದೆ.

ಕಾಡಂಚಿನವರಿಗೆ ಇನ್ನೊಂದು ಮಾತು. ಇಂಥ ಹುಳ ಸಾಕಿದ ದನಕ್ಕೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಆನೆಗೂ ತನ್ನದೇ ಆದ ಕಾರ್ಜದ ಹುಳ ಇದೆ. ಫ್ಯಾಸಿಯೋಲ ಜಾಕ್ಸೋನಿ ಎಂದು ಅದರ ಹೆಸರು.

ಇಷ್ಟು ಹೊತ್ತು ಹೇಳಿದ್ದು ಎರಡು ಹುಳಗಳ ಪರಿಚಯ. ಒಂದು ಕಾರ್ಜದಲ್ಲಿ, ಇನ್ನೊಂದು ಮೂಗಿನಲ್ಲಿ. ಈಗ ಎರಡನೆಯ ಮಾತು. ಇವು ಒಂದು ದನದಿಂದ ಇನ್ನೊಂದು ದನಕ್ಕೆ ಹೇಗೆ ಹೋಗುತ್ತವೆ?

ಕಾರ್ಜದ ಹುಳದ ಮೊಟ್ಟೆ ಪಿತ್ತದ ಜೊತೆ ಕರುಳಿಗೆ ಇಳಿದು ಸಗಣಿಯಲ್ಲಿ ಹೊರಬರುತ್ತದೆ. ಒಂದೊಂದು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಸಗಣಿ ಒಣನೆಲದಲ್ಲಿ ಬಿದ್ದು ಒಣಗಿದರೆ ಮೊಟ್ಟೆಯ ಕತೆ ಮುಗಿಯಿತು. ನೀರಿಗೆ ಬಿದ್ದರೆ ಸುಮಾರು ಎರಡು ವಾರದಲ್ಲಿ ಒಡೆದು ಮರಿ ಬರುತ್ತದೆ. ಗೊರಕೆ ಹುಳದ ಮೊಟ್ಟೆ ಬೇರೆ ದಾರಿ ಹಿಡಿಯುತ್ತದೆ. ಅದು ಗೊಣ್ಣೆಯಲ್ಲಿರುತ್ತದೆ. ದನ ನೀರಿಗೆ ಮೂತಿ ಇಟ್ಟು ಕುಡಿಯುವಾಗಲೇ ಮೊಟ್ಟೆ ನೀರಿಗೆ ಇಳಿಯುತ್ತದೆ. ಇಳಿದ ಸ್ವಲ್ಪ ಹೊತ್ತಿಗೇ ಒಡೆಯುತ್ತದೆ.

ಮೊಟ್ಟೆಯಿಂದ ಬಂದದ್ದನ್ನು ನಾವು ಮೊದಲ ಮರಿ ಎನ್ನೋಣ. ವಿಜ್ಞಾನಿಗಳು ಮಿರಾಸಿಡಿಯಂ ಎನ್ನುತ್ತಾರೆ. ಉದ್ದ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಮೈತುಂಬ ಸಣ್ಣ ರೋಮ. ಆ ರೋಮ ಬಡಿದು ವೇಗವಾಗಿ ಈಜುತ್ತದೆ. ಹೊರಗಿನಿಂದ ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯೇ ಎಲ್ಲ. ಆ ಬುತ್ತಿ ತೀರುವುದರೊಳಗೆ ತನಗೆ ಬೇಕಾದ ಜಾತಿಯ ಬಸವನಹುಳವನ್ನು ಹುಡುಕಿ ಒಳಹೊಗಬೇಕು. ಒಂದು ಹಗಲು ಒಂದು ರಾತ್ರಿ ದಾಟುವುದು ಕಷ್ಟ. ನಿಜವಾದ ಕಸುವು ಇರುವುದು ಮೊದಲ ಕೆಲವು ಗಂಟೆ ಮಾತ್ರ.

ಬಸವನಹುಳದಲ್ಲೂ ಆಯ್ಕೆ ಇದೆ. ಕಾರ್ಜದ ಹುಳಕ್ಕೆ ಬೇಕಾದದ್ದು ಲಿಮ್ನಿಯ ಗುಂಪಿನದು. ತೆಳು ಚಿಪ್ಪು, ತುದಿ ಚೂಪು, ಬಾಯಿ ಅಗಲ. ಗೊರಕೆ ಹುಳಕ್ಕೆ ಬೇಕಾದದ್ದು ಇಂಡೋಪ್ಲನಾರ್ಬಿಸ್. ಇದರ ಚಿಪ್ಪಿಗೆ ಗೋಪುರವಿಲ್ಲ. ಚಪ್ಪಟೆಯಾಗಿ ಸುತ್ತಿಕೊಂಡ ಕಂದು ಚಿಪ್ಪು. ಇದರ ರಕ್ತ ನಮ್ಮ ರಕ್ತದ ಹಾಗೆ ಕೆಂಪು. ಎರಡೂ ನಮ್ಮ ಕೆರೆಕಟ್ಟೆ, ಕಾಲುವೆ, ಗದ್ದೆಯಲ್ಲಿ ಸಿಗುವಂಥವೇ. ನೀರು ಬತ್ತಿದರೆ ಕೆಸರಿನಲ್ಲಿ ಹುದುಗಿ ದಿನ ಕಳೆದು, ನೀರು ಬಂದಾಗ ಎದ್ದು ಬರುತ್ತವೆ.

ಮೊದಲ ಮರಿ ಬಸವನಹುಳದೊಳಗೆ ಹೊಕ್ಕರೆ ಅಲ್ಲಿ ಅದರ ವಂಶ ಬೆಳೆಯುತ್ತದೆ. ಒಂದು ಮರಿ ನೂರಾರು ಆಗುತ್ತದೆ. ಕೆಲವು ವಾರಗಳ ಮೇಲೆ ಎರಡನೆಯ ಬಗೆಯ ಮರಿಗಳು ಹೊರಬರುತ್ತವೆ. ಇವುಗಳ ಹೆಸರು ಸರ್ಕೇರಿಯ. ಇವಕ್ಕೆ ಬಾಲ ಇರುವುದರಿಂದ ನಾವು ಬಾಲದ ಮರಿ ಎನ್ನೋಣ. ಕಾರ್ಜದ ಹುಳದ ಬಾಲದ ಮರಿ ಒಂದೆರಡು ಗಂಟೆಯಲ್ಲಿ ದಡದ ಹುಲ್ಲಿಗೆ ಅಂಟಿ, ಬಾಲ ಕಳಚಿ, ಗಟ್ಟಿ ಕೋಶ ಕಟ್ಟಿಕೊಂಡು ಕೂರುತ್ತದೆ. ಆ ಹುಲ್ಲು ಮೇದ ದನದ ಹೊಟ್ಟೆಗೆ ಹೋಗುತ್ತದೆ. ಗೊರಕೆ ಹುಳದ ಬಾಲದ ಮರಿಗೆ ಬಾಲದ ತುದಿ ಕವಲು. ಅದು ಹುಲ್ಲಿಗಾಗಿ ಕಾಯುವುದಿಲ್ಲ. ನೀರಿಗೆ ಇಳಿದ ದನದ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಅದಕ್ಕೂ ಸಿಗುವುದು ಒಂದೆರಡು ದಿನದ ಆಯಸ್ಸು.

ಕಾರ್ಜದ ಹುಳದ ಸುತ್ತು ಹೀಗಿದೆ ಎಂದು ಜಗತ್ತಿಗೆ ಗೊತ್ತಾಗಿ ಸುಮಾರು 140 ವರ್ಷವಾಯಿತು. ಇಂಗ್ಲೆಂಡಿನಲ್ಲಿ 1879-80ರಲ್ಲಿ ಮಳೆ ಅತಿಯಾಗಿ, ಕಾರ್ಜದ ಹುಳದಿಂದ ಲಕ್ಷಾಂತರ ಕುರಿ ಸತ್ತವು. ಆಕ್ಸ್‌ಫರ್ಡಿನಲ್ಲಿ ಎ. ಪಿ. ಥಾಮಸ್ ಎಂಬ ತರುಣನೂ, ಜರ್ಮನಿಯ ಲೈಪ್ಸಿಗ್‌ನಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಎಂಬ ಹಿರಿಯರೂ ಬೇರೆಬೇರೆಯಾಗಿ ಕೆಲಸ ಮಾಡಿ, 1880ರ ದಶಕದ ಮೊದಲಲ್ಲಿ ಇದರ ಪೂರ್ತಿ ಜೀವನಚಕ್ರವನ್ನು ಬಿಡಿಸಿದರು.

ಹೇಳಿದ್ದನ್ನು ಒಮ್ಮೆ ಕೂಡಿಸೋಣ. ಹುಳಕ್ಕೆ ಎರಡು ಈಜು. ಮೊದಲ ಈಜು ಮೊಟ್ಟೆಯಿಂದ ಬಸವನಹುಳಕ್ಕೆ. ಎರಡನೆಯ ಈಜು ಬಸವನಹುಳದಿಂದ ಹುಲ್ಲಿಗೆ ಅಥವಾ ದನಕ್ಕೆ. ಎರಡೂ ಕೆಲವು ಗಂಟೆಯ, ಹೆಚ್ಚೆಂದರೆ ಒಂದೆರಡು ದಿನದ ಮಾತು. ಹಾಗಾದರೆ ಆ ಹೊತ್ತಿನಲ್ಲಿ ಅದನ್ನು ತಿನ್ನುವವರು ಯಾರು? ಇದು ಮೂರನೆಯ ಮಾತು, ಇವತ್ತಿನ ಮುಖ್ಯ ಮಾತು.

ಮೊದಲ ಬೇಟೆಗಾರ ಬಸವನಹುಳದ ಮೈಮೇಲೇ ಬಾಡಿಗೆಗೆ ಇದ್ದಾನೆ. ಇದು ಎರೆಹುಳದ ದೂರದ ನೆಂಟ. ಹೆಸರು ಕೀಟೊಗ್ಯಾಸ್ಟರ್. ಉದ್ದ ಎರಡು ಮೂರು ಮಿಲಿಮೀಟರ್. ಬಣ್ಣವಿಲ್ಲ. ಮೈ ಪಾರದರ್ಶಕ, ನುಂಗಿದ್ದು ಹೊಟ್ಟೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ಬಸವನಹುಳ ಕತ್ತು ಚಾಚಿ ತೆವಳುವಾಗ, ಚಿಪ್ಪಿನ ಅಂಚಿನಡಿ ಇವು ಐದಾರು, ಕೆಲವೊಮ್ಮೆ ಹತ್ತಾರು ಸೇರಿರುತ್ತವೆ. ಹಿಂದಿನ ಮುಳ್ಳುಗೂದಲಿನಿಂದ ಬಸವನಹುಳವನ್ನು ಹಿಡಿದುಕೊಂಡು, ಮುಂದಿನ ಮೈಯನ್ನು ನೀರಿಗೆ ಚಾಚಿ ಅತ್ತ ಇತ್ತ ಆಡಿಸುತ್ತವೆ. ಹತ್ತಿರ ಏನಾದರೂ ಸುಳಿದರೆ ಬಾಯಗಲಿಸಿ ಒಳಗೆಳೆದುಕೊಳ್ಳುತ್ತವೆ. ಮೊದಲ ಮರಿ ಬಸವನಹುಳಕ್ಕೆ ಹೊಗಲು ಬಂದರೆ ಈ ಕಾವಲನ್ನು ದಾಟಿಯೇ ಹೋಗಬೇಕು. ಬಾಲದ ಮರಿ ಹೊರಬರುವಾಗಲೂ ಅಷ್ಟೇ.

ಈ ಹುಳವನ್ನು 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ವಿವರಿಸಿದ. ನಮ್ಮ ದೇಶದಲ್ಲೂ ಇದರ ಬಳಗವಿದೆ. ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯವನ್ನು ಕಟ್ಟಿದ ನೆಲ್ಸನ್ ಅನ್ನಂಡೇಲ್ 1905ರಲ್ಲಿ ಬಂಗಾಳದ ಕೀಟೊಗ್ಯಾಸ್ಟರ್ ಬಗ್ಗೆ ಬರೆದರು. ಕೀಟೊಗ್ಯಾಸ್ಟರ್ ಚಪ್ಪಟೆ ಹುಳದ ಮೊದಲ ಮರಿಯನ್ನು ಹಿಡಿದು ನುಂಗುತ್ತದೆ ಎಂಬುದನ್ನು ಖಲೀಲ್ ಎಂಬುವರು 1961ರಲ್ಲಿ ವಿವರವಾಗಿ ತೋರಿಸಿದರು. ಇದು ಮೈಮೇಲಿರುವ ಬಸವನಹುಳಕ್ಕೆ ಹುಳ ತಗಲುವುದು ಕಡಿಮೆ ಎಂದು 1964ರಲ್ಲಿ ಮೈಕೆಲ್ಸನ್ ಎಂಬುವರು ಪ್ರಯೋಗ ಮಾಡಿ ಹೇಳಿದರು. 1978ರಲ್ಲಿ ಜಿ. ಆರ್. ರಾಜಶೇಖರಯ್ಯ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಒಂದು ಲಿಮ್ನಿಯ ಬಸವನಹುಳದ ಮೇಲಿನ ಕೀಟೊಗ್ಯಾಸ್ಟರ್, ಕಾರ್ಜದ ಹುಳದ ಬಾಲದ ಮರಿಯನ್ನೂ ತಿನ್ನುತ್ತದೆ ಎಂದು ವರದಿ ಮಾಡಿದರು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಬಾಲದ ಮರಿ ಒಂದನ್ನು ತಿಂದರೆ ಒಂದು ಹುಳ ತಪ್ಪಿತು. ಮೊದಲ ಮರಿ ಒಂದನ್ನು ತಿಂದರೆ ಅದರಿಂದ ಮುಂದೆ ಹುಟ್ಟಬೇಕಿದ್ದ ನೂರಾರು ತಪ್ಪಿದವು. ಹಾಗಾಗಿ ಬಸವನಹುಳದ ಬಾಗಿಲಲ್ಲೇ ಕಾಯುವ ಈ ಎರಡು ಮಿಲಿಮೀಟರಿನ ಪ್ರಾಣಿಯ ಕೆಲಸ ದೊಡ್ಡದು.

ಎರಡನೆಯ ಬೇಟೆಗಾರ ಏರೋಪ್ಲೇನ್ ಚಿಟ್ಟೆಯ ಮರಿ. ಮಳೆ ನಿಂತ ಸಂಜೆ ಹೊಲದ ಮೇಲೆ ಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆ ಎಲ್ಲರಿಗೂ ಗೊತ್ತು. ಅದರ ಬಾಲ್ಯ ಕಳೆಯುವುದು ನೀರಿನಡಿ. ರೆಕ್ಕೆಯಿಲ್ಲದ, ಕೆಸರು ಬಣ್ಣದ, ಆರು ಕಾಲಿನ ಪ್ರಾಣಿ. ತಲೆಯ ಕೆಳಗೆ ಮಡಚಿಟ್ಟ ಒಂದು ಕೈಯಂಥ ತುಟಿ. ಬೇಟೆ ಹತ್ತಿರ ಬಂದ ಕ್ಷಣ ಅದು ಚಿಮ್ಮಿ ಹಿಡಿದು ಬಾಯಿಗೆ ತರುತ್ತದೆ. ಇದೇ ಬಳಗದಲ್ಲಿ ಮೈ ತೆಳ್ಳಗಿರುವ, ಕೂತಾಗ ರೆಕ್ಕೆ ಮಡಚುವ ಇನ್ನೊಂದು ಗುಂಪಿದೆ. ಅದರ ಮರಿಗಳು ಜೊಂಡು ಮತ್ತು ಪಾಚಿಯ ನಡುವೆ ಇರುತ್ತವೆ. ಸಣ್ಣ ಬೇಟೆ ಹಿಡಿಯುವುದರಲ್ಲಿ ಇವು ಚುರುಕು.

ಮೂರನೆಯದು ಹೈಡ್ರ. ಎಲೆಯ ಅಡಿಗೆ ಅಂಟಿಕೊಂಡು ತೋಳು ಹರಡಿ ಕೂರುತ್ತದೆ. ತೋಳಿನಲ್ಲಿ ಕುಟುಕುವ ಕಣಗಳಿವೆ. ತಗಲಿದ ಮರಿ ಅಲ್ಲೇ ಸೋತು ಹೋಗುತ್ತದೆ. ನಾಲ್ಕನೆಯದು ಸೈಕ್ಲಾಪ್ಸ್. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ ಜಿಗಿಯುವುದು ಕಾಣುತ್ತದಲ್ಲ, ಅದು.

ಇವು ನಿಜವಾಗಿ ಹುಳದ ಮರಿ ತಿನ್ನುತ್ತವೆಯೇ? ಅಮೆರಿಕದಲ್ಲಿ ಕಪ್ಪೆಗಳಿಗೆ ಹೆಚ್ಚಿಗೆ ಕಾಲು, ವಕ್ರ ಕಾಲು ಮೂಡಿಸುವ, ನಮ್ಮ ಎರಡು ಹುಳಗಳ ಬಳಗದ್ದೇ ಆದ ಒಂದು ಚಪ್ಪಟೆ ಹುಳ ಇದೆ. ರೈಬೈರೋಯ ಎಂದು ಹೆಸರು. ಅದರ ಬಾಲದ ಮರಿಗಳನ್ನು ಹೈಡ್ರ, ಸೈಕ್ಲಾಪ್ಸ್, ಏರೋಪ್ಲೇನ್ ಚಿಟ್ಟೆಯ ಬಳಗದ ಮರಿಗಳು ತಿನ್ನುತ್ತವೆ ಎಂದು 2007ರಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಂಡರು. 2012ರಲ್ಲಿ ಇನ್ನೊಂದು ತಂಡ ಮುಂದಕ್ಕೆ ಹೋಗಿ, ಬೇಟೆಗಾರರು ಜೊತೆಗಿದ್ದಾಗ ಗೊದಮೊಟ್ಟೆಗಳಿಗೆ ಹುಳ ತಗಲುವುದೇ ಕಡಿಮೆಯಾಗುತ್ತದೆ ಎಂದು ತೋರಿಸಿತು.

ಇನ್ನೊಂದು ಸಂಗತಿ. ಕ್ಯಾಲಿಫೋರ್ನಿಯದ ಅಳಿವೆಗಳಲ್ಲಿ ಒಂದು ವರ್ಷಕ್ಕೆ ಹೊರಬರುವ ಬಾಲದ ಮರಿಗಳ ಒಟ್ಟು ತೂಕ, ಅಲ್ಲಿನ ಹಕ್ಕಿಗಳ ಒಟ್ಟು ತೂಕಕ್ಕಿಂತ ಹೆಚ್ಚು ಎಂದು 2008ರಲ್ಲಿ ಲೆಕ್ಕ ಹಾಕಿದರು. ಅಷ್ಟು ತೂಕದ ಜೀವ ನೀರಿಗೆ ಬಿದ್ದರೆ ಅದನ್ನು ಯಾರೂ ತಿನ್ನದೆ ಬಿಟ್ಟಾರೆಯೇ? ನಾವು ರೋಗ ಎಂದು ಕಾಣುವುದು ನೀರಿನ ಪ್ರಾಣಿಗೆ ಊಟ.

ತಿನ್ನದೆಯೇ ಸೋಲಿಸುವವರೂ ಇದ್ದಾರೆ. ಬಸವನಹುಳದ ಚಿಪ್ಪಿನ ಮೇಲೆ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿ ಇರುವುದುಂಟು. ಅದು ನೀರಿಗೆ ಬಿಡುವ ಒಂದು ರಾಸಾಯನಿಕ ಬಾಲದ ಮರಿಯ ಈಜನ್ನೇ ನಿಲ್ಲಿಸುತ್ತದೆ. ಮನುಷ್ಯರಿಗೆ ತಗಲುವ ಶಿಸ್ಟೋಸೋಮ ಹುಳದ ಮೇಲೆ ಕೆಲಸ ಮಾಡಿದವರು 2019ರಲ್ಲಿ ಆ ರಾಸಾಯನಿಕವನ್ನು ಬೇರ್ಪಡಿಸಿ ತೋರಿಸಿದರು.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು. ಹುಳ ಎರಡು ಸಲ ಈಜುತ್ತದೆ. ಈಜುವಾಗ ಕೀಟೊಗ್ಯಾಸ್ಟರ್, ಏರೋಪ್ಲೇನ್ ಚಿಟ್ಟೆಯ ಮರಿ, ಹೈಡ್ರ, ಸೈಕ್ಲಾಪ್ಸ್ ಅದನ್ನು ತಿನ್ನಬಲ್ಲವು. ಈಗ ನಾಲ್ಕನೆಯ ಮಾತು. ಇದು ಎಚ್ಚರಿಕೆಯ ಮಾತು. ತಿಂದದ್ದೆಲ್ಲ ಸಾಯುವುದಿಲ್ಲ.

ಹಿರಿಯರಿಗೆ ನಾರುಹುಣ್ಣು ನೆನಪಿರಬೇಕು. ಉತ್ತರ ಕರ್ನಾಟಕದ ಬರದ ಸೀಮೆಯಲ್ಲಿ ಅದರ ಕಾಟ ಬಹಳ ಇತ್ತು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಎರಡು ಮೂರು ಅಡಿ ಉದ್ದದ ಬಿಳಿ ಹುಳ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೊರಬರುತ್ತಿತ್ತು. ಉರಿ ತಾಳಲಾರದೆ ಆ ಕಾಲನ್ನು ಮೆಟ್ಟಿಲು ಬಾವಿಯ ನೀರಿಗೆ ಇಳಿಸಿದರೆ ಹುಳ ಸಾವಿರಾರು ಮರಿ ಬಿಡುತ್ತಿತ್ತು. ಆ ಮರಿಗಳನ್ನು ತಿನ್ನುತ್ತಿದ್ದದ್ದು ಇದೇ ಸೈಕ್ಲಾಪ್ಸ್. ಆದರೆ ಈ ಮರಿ ಸೈಕ್ಲಾಪ್ಸಿನ ಹೊಟ್ಟೆಯಲ್ಲಿ ಅರಗುತ್ತಿರಲಿಲ್ಲ. ಕರುಳು ಕೊರೆದು ಅದರ ಮೈಯೊಳಗೇ ಎರಡು ವಾರ ಬೆಳೆಯುತ್ತಿತ್ತು. ಆ ನೀರು ಕುಡಿದವರಿಗೆ ವರ್ಷದ ಮೇಲೆ ನಾರುಹುಣ್ಣು. 1870ರಲ್ಲಿ ರಷ್ಯದ ಫೆಡ್ಚೆಂಕೊ ಈ ಗುಟ್ಟನ್ನು ಬಿಡಿಸಿದ. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಹೋರಾಟ ಶುರುವಾಯಿತು. ಆಗ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಕೊಳವೆ ಬಾವಿ ಕೊರೆಯುವುದು, ಬಾವಿಗೆ ಔಷಧಿ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು, ಇವೇ ದಾರಿ. 1996ರಲ್ಲಿ ದೇಶದ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ.

ಏರೋಪ್ಲೇನ್ ಚಿಟ್ಟೆಯ ಮರಿಗೂ ಇಂಥದೇ ಇನ್ನೊಂದು ಮುಖ ಇದೆ. ಅದು ಉಸಿರಾಡುವುದು ಹಿಂಬದಿಯಿಂದ ನೀರು ಎಳೆದುಕೊಂಡು. ಕೋಳಿಯ ಮೊಟ್ಟೆನಾಳದಲ್ಲಿ ಬದುಕುವ ಒಂದು ಚಪ್ಪಟೆ ಹುಳದ ಬಾಲದ ಮರಿ ಆ ನೀರಿನ ಜೊತೆ ಹಿಂಬಾಗಿಲಿನಿಂದ ಒಳಹೋಗಿ ಕೂರುತ್ತದೆ. ಬಾಯಿಂದ ಹೋದ ಮರಿ ಜೀರ್ಣವಾಗುತ್ತದೆ, ಹಿಂದಿನಿಂದ ಹೋದದ್ದು ಉಳಿಯುತ್ತದೆ. ಆ ಚಿಟ್ಟೆಯನ್ನು ತಿಂದ ಕೋಳಿ ಚಿಪ್ಪಿಲ್ಲದ ಮೊಟ್ಟೆ ಇಡುತ್ತದೆ. ಆದ್ದರಿಂದ ನೀರಿನ ಪ್ರಾಣಿಗಳೆಲ್ಲ ನಮ್ಮ ಕಡೆ ಎಂದು ಭಾವಿಸುವುದು ಬೇಡ. ಒಂದೊಂದು ಹುಳಕ್ಕೆ ಒಂದೊಂದು ದಾರಿ. ಕಾರ್ಜದ ಹುಳ ಮತ್ತು ಗೊರಕೆ ಹುಳದ ದಾರಿಯಲ್ಲಿ ಬಸವನಹುಳದ ಹೊರತು ಬೇರೆ ನೀರಿನ ಪ್ರಾಣಿಗೆ ಜಾಗವಿಲ್ಲ. ಹಾಗಾಗಿ ಈ ಎರಡರ ಮರಿ ಬೇಟೆಗಾರನ ಹೊಟ್ಟೆಗೆ ಹೋದರೆ ಅಲ್ಲಿಗೆ ಮುಗಿಯಿತು.

ತಿನ್ನುವವರನ್ನೂ ನೋಡಿದೆವು, ಸಾಗಿಸುವವರನ್ನೂ ನೋಡಿದೆವು. ಈಗ ಐದನೆಯ ಮಾತು. ಇದನ್ನು ಹಂಗಳದ ಕಡೆಯ ಒಬ್ಬ ರೈತರ ಬಾಯಲ್ಲೇ ಕೇಳಿ. ಈ ವಿಷಯ ಹೇಳಿದಾಗ ಅವರು ಕೇಳಿದ್ದು ಇದು: "ಕೆರೆ ನೀರ್ಲೇ ಇವ್ಕ ತಿನ್ನೋವು ಇದ್ರ, ನಾವ್ ಮದ್ದು ಯಾಕ ಕುಡಿಸ್ಬೇಕು ಸಾ?"

ಸರಿಯಾದ ಪ್ರಶ್ನೆ. ಉತ್ತರ: ಕುಡಿಸಲೇಬೇಕು. ಒಂದು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುವುದೇ ದಾರಿಯಲ್ಲಿ ಬಹುಪಾಲು ಹಾಳಾಗುತ್ತದೆ ಎಂಬ ಲೆಕ್ಕದ ಮೇಲೆ. ಬೇಟೆಗಾರರು ಆ ಹಾಳಿನ ಒಂದು ಪಾಲು. ಹೊಟ್ಟೆ ತುಂಬಿದ ಪ್ರಾಣಿ ಬೇಟೆ ನಿಲ್ಲಿಸುತ್ತದೆ. ಗಾಜಿನ ಬಟ್ಟಲಿನಲ್ಲಿ ಕಂಡದ್ದು ಎಕರೆಗಟ್ಟಲೆ ಕೆರೆಯಲ್ಲಿ ಅದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ದನದ ಮೈಯೊಳಗೆ ಆಗಲೇ ಇರುವ ಹುಳಕ್ಕೆ ಕೆರೆಯ ಹೈಡ್ರ ಏನೂ ಮಾಡಲಾರದು. ಅದಕ್ಕೆ ಪಶುವೈದ್ಯರೇ ಬೇಕು. ಸಗಣಿ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಸಿಗುವ ಎಲ್ಲ ಜಂತುಹುಳದ ಮದ್ದೂ ಚಪ್ಪಟೆ ಹುಳಕ್ಕೆ ತಾಗುವುದಿಲ್ಲ. ಯಾವುದು, ಎಷ್ಟು, ಯಾವಾಗ ಎಂದು ವೈದ್ಯರು ಹೇಳಲಿ. ಗೊರಕೆ ರೋಗದ ಚಿಕಿತ್ಸೆಯೇ ಬೇರೆ.

ಹಾಗಾದರೆ ಬೇಟೆಗಾರರಿಂದ ಲಾಭವೇನು? ಮದ್ದು ದನದ ಒಳಗಿನದನ್ನು ನೋಡಿಕೊಳ್ಳುತ್ತದೆ. ಮದ್ದು ಕುಡಿದ ದನ ನಾಳೆ ಮತ್ತೆ ಅದೇ ಕೆರೆಗೆ ಇಳಿಯುತ್ತದೆ. ಆ ನೀರಿನಲ್ಲಿ ಮರಿ ಕಡಿಮೆ ಇದ್ದರೆ ಹುಳ ಮತ್ತೆ ತುಂಬಲು ಹೆಚ್ಚು ಕಾಲ ಹಿಡಿಯುತ್ತದೆ. ಕೊಂಡ ಮದ್ದಿನ ದುಡ್ಡು ಅಷ್ಟು ದಿನ ಬಾಳಿಕೆ ಬರುತ್ತದೆ.

ಮದ್ದು ದನಕ್ಕೆ, ಬೇಟೆಗಾರರು ನೀರಿಗೆ. ಎರಡೂ ಬೇಕು. ಈಗ ಕೊನೆಯ ಮಾತು. ನಾವು ಮಾಡಬೇಕಾದದ್ದು, ಮಾಡಬಾರದ್ದು.

ಮೊದಲು ಮಾಡಬಾರದ್ದು. ಬಸವನಹುಳ ಕೊಲ್ಲಲೆಂದು ಕೆರೆಗೆ ಮೈಲುತುತ್ತ ಸುರಿಯಬೇಡಿ. ಹಿಂದೆ ಹಲವು ದೇಶಗಳಲ್ಲಿ ಇದನ್ನು ಮಾಡಿದ್ದಾರೆ. ಬಸವನಹುಳ ಸಾಯುತ್ತದೆ ನಿಜ. ಮೀನು, ಸೈಕ್ಲಾಪ್ಸ್, ಹೈಡ್ರಗಳಿಗೂ ಅದು ವಿಷ. ನಾರುಹುಣ್ಣಿನ ಬಾವಿಗೆ ಔಷಧಿ ಹಾಕಿದರಲ್ಲ ಎಂದು ಕೇಳಬಹುದು. ಅಲ್ಲಿ ಸೈಕ್ಲಾಪ್ಸೇ ಸಾಗಣೆದಾರ, ಬಾವಿ ಚಿಕ್ಕದು, ಅಳತೆ ಆರೋಗ್ಯ ಸಿಬ್ಬಂದಿಯದು. ಕೆರೆಯ ಲೆಕ್ಕ ಅದಲ್ಲ.

ಇನ್ನು ಹೊಲದ ಕೀಟನಾಶಕ. ಈರುಳ್ಳಿಗೆ, ಹೂವಿಗೆ, ತರಕಾರಿಗೆ ಹೊಡೆದ ಮೇಲೆ ಕ್ಯಾನು, ಡ್ರಮ್ಮು ತೊಳೆಯಲು ನೀರಿರುವ ಕಡೆಗೇ ಕಾಲು ಹೋಗುತ್ತದೆ. ಕೀಟವನ್ನು ಕೊಲ್ಲುವ ಮದ್ದು ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಬಿಡುತ್ತದೆಯೇ? ಅದೂ ಕೀಟವೇ. ಬಸವನಹುಳ ಕೀಟವಲ್ಲ, ಅದು ಬದುಕಿಕೊಳ್ಳುತ್ತದೆ. ಅಮೆರಿಕದಲ್ಲಿ ನೀರಿನ ತೊಟ್ಟಿಗಳಲ್ಲಿ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಕೀಟನಾಶಕ ಬೆರೆತ ತೊಟ್ಟಿಯಲ್ಲಿ, ಬಸವನಹುಳವನ್ನು ತಿನ್ನುವ ಸಿಗಡಿಯಂಥ ಪ್ರಾಣಿ ಮತ್ತು ನೀರುತಿಗಣೆ ಸತ್ತವು. ಬಸವನಹುಳ ಹೆಚ್ಚಿದವು. ಬೇಟೆಗಾರ ಹೋದ, ಹುಳದ ಮನೆ ಉಳಿಯಿತು. ಜಂತುಹುಳಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಕೂಡ ನೀರಿನ ಸಣ್ಣ ಪ್ರಾಣಿಗೆ ಕಡು ವಿಷ. ಅದು ಸಗಣಿಯಲ್ಲಿ ಹೊರಬರುತ್ತದೆ. ಚುಚ್ಚುಮದ್ದು ಕೊಟ್ಟ ದನವನ್ನು ಕೆಲವು ದಿನ ಹಟ್ಟಿಯಲ್ಲೇ ನೀರು ಕುಡಿಸಿ ಇಟ್ಟುಕೊಳ್ಳಿ.

ಇನ್ನು ಮಾಡಬೇಕಾದದ್ದು. ಸಗಣಿ ನೀರು ಸೇರದಿದ್ದರೆ ಕಾರ್ಜದ ಹುಳಕ್ಕೆ ಮೊದಲ ಈಜೇ ಇಲ್ಲ. ಸಗಣಿ ಕೂಡಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಬಂಡೀಪುರದಂಚಿನ ಊರುಗಳಲ್ಲಿ ದನದ ಗೊಬ್ಬರ ಹೇಗೆ ದೂರದ ಕಾಫಿ ಬೆಳೆಗಾರರಿಗೆ ಮಾರುವ ಸರಕಾಯಿತು ಎಂದು ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ 2005ರಲ್ಲಿ ಬರೆದಿದ್ದಾರೆ. ಅವರ ಚಿಂತೆ ಕಾಡಿನ ಮೇವಿನದು. ನಮ್ಮ ಇವತ್ತಿನ ಲೆಕ್ಕದಲ್ಲಿ, ತಿಪ್ಪೆಗೆ ಬಿದ್ದು ಕಾವಿನಲ್ಲಿ ಕೊಳೆತ ಸಗಣಿಯ ಮೊಟ್ಟೆ ಬೇಯುತ್ತದೆ, ಕೆರೆಗೆ ಬಿದ್ದದ್ದು ಒಡೆಯುತ್ತದೆ. ಬೆಲೆ ಇರುವ ಸಗಣಿಯನ್ನು ನೀರಿಗೆ ಬಿಡುವುದು ಎರಡು ಬಗೆಯ ನಷ್ಟ.

ಗೊರಕೆ ಹುಳಕ್ಕೆ ಸಗಣಿ ಲೆಕ್ಕವಿಲ್ಲ, ಗೊಣ್ಣೆ ಲೆಕ್ಕ. ಗೊರಕೆ ಇರುವ ದನವನ್ನು ಕೆರೆಗೆ ಇಳಿಸದೆ ಬೇರೆ ತೊಟ್ಟಿಯಲ್ಲಿ ಕುಡಿಸಿ. ಊರಿನ ದನ ಕುಡಿಯುವ ನೀರಿನ ತೊಟ್ಟಿ ಕೆರೆಯಿಂದ ಆಚೆ, ಗಟ್ಟಿ ನೆಲದಲ್ಲಿದ್ದರೆ ಎರಡೂ ಹುಳಕ್ಕೆ ತಡೆ. ದಡದ ಹುಲ್ಲನ್ನು ನೀರಿನೊಳಗಿಂದ ಕೊಯ್ದು ಹಸಿಯಾಗಿ ಹಾಕಬೇಡಿ. ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹಾಕಿ.

ಕೆರೆಗಳಿಗೆ ನದಿ ನೀರು ತುಂಬಿಸುವ ಕಾಲ ಇದು. ಹೂಳೆತ್ತುವಾಗ, ದಡ ಕಟ್ಟುವಾಗ ಜೊಂಡನ್ನೆಲ್ಲ ಒಂದೇ ಸಲ ಕಿತ್ತು ಬೋಳು ಮಾಡುವುದು ಬೇಡ. ದನ ಇಳಿಯುವ ಕಡೆ ಚೊಕ್ಕಟವಾಗಿರಲಿ. ಇನ್ನೊಂದು ಬದಿ ಜೊಂಡು ಸ್ವಲ್ಪ ಉಳಿಯಲಿ. ಏರೋಪ್ಲೇನ್ ಚಿಟ್ಟೆ ಹಾರಿ ಬಂದು ಮೊಟ್ಟೆ ಇಡಲು, ಹೈಡ್ರ ಅಂಟಿಕೊಳ್ಳಲು ಅಷ್ಟು ಸಾಕು.

ಶಾಲೆಯ ಮೇಷ್ಟ್ರುಗಳಿಗೂ ಮಕ್ಕಳಿಗೂ ಒಂದು ಕೆಲಸ. ದನ ಇಳಿಯದ ಕಡೆ, ಉದ್ದ ಹಿಡಿಯ ಸೌಟಿನಿಂದ ಜೊಂಡಿನ ಬುಡದ ನೀರನ್ನು ತೆಗೆದು ಬಿಳಿ ತಟ್ಟೆಗೆ ಹಾಕಿ. ಕಾಲು ನೀರಿಗೆ ಇಳಿಸಬೇಡಿ. ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಭೂತಗನ್ನಡಿ ಹಿಡಿದು ನೋಡಿ. ಬಸವನಹುಳ ಎಷ್ಟು, ಚಿಪ್ಪು ಚೂಪೋ ಚಪ್ಪಟೆಯೋ, ಏರೋಪ್ಲೇನ್ ಚಿಟ್ಟೆಯ ಮರಿ ಎಷ್ಟು ಎಂದು ಬರೆದಿಡಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮಳೆಗಾಲದ ಮೊದಲೂ ಆಮೇಲೂ ಹೀಗೆ ಮಾಡಿದರೆ ಊರಿನ ಕೆರೆಯ ಲೆಕ್ಕ ಊರಿನವರ ಕೈಯಲ್ಲೇ ಇರುತ್ತದೆ. ಆ ಪುಸ್ತಕವನ್ನು ನಿಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಯಾವ ಕೆರೆಯ ದನಕ್ಕೆ ಮೊದಲು ಮದ್ದು ಬೇಕು ಎಂದು ಹೇಳಲು ಅವರಿಗೂ ಅದು ನೆರವಾಗುತ್ತದೆ.

ಇಷ್ಟೆಲ್ಲ ಒಟ್ಟಿಗೆ ಆಗದಿದ್ದರೆ ಒಂದನ್ನು ನಾಳೆಯೇ ಮಾಡಿ. ಔಷಧಿ ಹೊಡೆದ ಕ್ಯಾನು ತೊಳೆಯುವ ಜಾಗವನ್ನು ಕೆರೆಯಿಂದ, ಕಾಲುವೆಯಿಂದ ದೂರಕ್ಕೆ, ನಿಮ್ಮ ಹೊಲದೊಳಕ್ಕೆ ಬದಲಿಸಿ. ಅದಕ್ಕೆ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.